ಡಿಫೆಂಡರ್ ಹೊಸ ರೂಪ: ಹುಬ್ಬಳ್ಳಿ, ಧಾರವಾಡ, ಗದಗಿನ ಮಾಲೀಕ್ರು ಏನಂತಾರ?

ನಮಸ್ಕಾರ್ರೀ ಎಲ್ಲಾರಿಗೂ. ಅಮರಗೋಳ ಎಪಿಎಂಸಿ ಗೇಟಿನ ಹೊರಗ ಒಂದು ಹಸರ ಗಾಡಿ ನಿಂತೈತಿ ನೋಡ್ರಿ, ಕೆಎ 63 ಪಾಸಿಂಗು. ನನ್ನ ಜೋಡಿ ಅದರ ಸುತ್ತ ಒಂದು ಸುತ್ತು ಹಾಕ್ರಿ. ಲ್ಯಾಂಡ್ ರೋವರ್ ಡಿಫೆಂಡರ್ 110. ಹಿಂದಿನ ಬಾಗಲಿಗೆ ಸ್ಟೆಪ್ನಿ ತೂಗ ಹಾಕ್ಯಾರ, ಟಾಪಿನ ಅಂಚಿನ್ಯಾಗ ಸಣ್ಣ ಸಣ್ಣ ಕಿಟಕಿ ಅದಾವ, ಹಿಂದಿನ ಬಾಜೂ ಗ್ಲಾಸಿನ ನಡುವ ಒಂದು ಚೌಕ ಫಲಕ ಕೂಡಿಸ್ಯಾರ. ಈ ಗಾಡಿ ರೂಪ ಬದಲಾದಾಗಿಂದ ಒಂದ ಸಮ ವಾದ ನಡದೈತಿ. ಹಳೇದು ಗಂಡಸ ಗಾಡಿ ಇತ್ತು, ಹೊಸಾದು ಶೋಕಿ ಗಾಡಿ ಆತು ಅಂತ ಒಬ್ರು, ಹಂಗೇನಿಲ್ಲ ಅಂತ ಇನ್ನೊಬ್ರು. ವಾದ ಮಾಡೋರೊಳಗ ಭಾಳ ಮಂದಿ ಗಾಡಿ ತಗೊಂಡೋರ ಅಲ್ಲ. ಅದಕ್ಕ ನಾನು ರೊಕ್ಕಾ ಕೊಟ್ಟೋರನ್ನ ಕೇಳೂಣಂತ ಹೊಂಟೆ. ಹುಬ್ಬಳ್ಳ್ಯಾಗ ಒಬ್ರು, ಧಾರವಾಡದಾಗ ಒಬ್ರು, ಗದಗ ಕಡೆ ಒಬ್ರು. ಹೆಸರು ಹಾಕಬ್ಯಾಡಪಾ ಅಂದಾರ ಮೂವರೂ. ಇನ್‌ಕಮ್ ಟ್ಯಾಕ್ಸಿನವರೂ ವಿಡಿಯೋ ನೋಡ್ತಾರಂತ.

ಹಿಂದಿನ ಕತಿ ಸ್ವಲ್ಪ ಹೇಳಿಬಿಡ್ತೇನಿ. 1948ರ ಏಪ್ರಿಲ್‌ದಾಗ ಆಮ್‌ಸ್ಟರ್‌ಡ್ಯಾಮ್ ಮೋಟಾರ್ ಶೋದಾಗ ಮೊದಲನೇ ಲ್ಯಾಂಡ್ ರೋವರ್ ಬಂತು. ಮಹಾಯುದ್ಧ ಮುಗದು ಇಂಗ್ಲೆಂಡಿನ್ಯಾಗ ಉಕ್ಕಿಗೆ ರೇಷನ್ ಇದ್ದ ಕಾಲ, ಅದಕ್ಕ ಬಾಡಿ ಅಲ್ಯುಮಿನಿಯಂದಾಗ ಮಾಡಿದ್ರು. ಅದು ಒಕ್ಕಲುತನಕ್ಕಂತ ಮಾಡಿದ ಗಾಡಿ, ಸಾಹುಕಾರಕಿಗೆ ಅಲ್ಲ. ಡಿಫೆಂಡರ್ ಅನ್ನೋ ಹೆಸರು ಬಂದದ್ದು 1990ರಾಗ. ಒಳಗ ಇಂಜಿನ್ ಬದಲಾದ್ವು, ಹೊರಗಿನ ಮಾರಿ ಮಾತ್ರ ಹೆಚ್ಚು ಕಡಿಮಿ ಹಂಗ ಉಳೀತು. 2016ರ ಜನವರಿ 29ಕ್ಕ ಇಂಗ್ಲೆಂಡಿನ ಸಾಲಿಹಲ್ ಕಾರ್ಖಾನ್ಯಾಗ ಕಡೇ ಗಾಡಿ ಇಳೀತು. ಹೊಗಿ ನಿಯಮ, ಸುರಕ್ಷತಾ ನಿಯಮ ಬಿಗಿ ಆಗಿದ್ವು. ಆ ಹಳೇ ಡಬ್ಬಿಯೊಳಗ ಏರ್‌ಬ್ಯಾಗ್ ಕೂಡಿಸಾಕೂ ಜಾಗ ಇರಲಿಲ್ಲ.

ಹೊಸಾದನ್ನ 2019ರ ಸೆಪ್ಟೆಂಬರ್‌ದಾಗ ಫ್ರಾಂಕ್‌ಫರ್ಟಿನ್ಯಾಗ ತೋರಿಸಿದ್ರು. ಬಾಡಿ ಕೆಳಗ ನಿಚ್ಚಣಿಕಿಯಂಗ ಇರೋ ಲ್ಯಾಡರ್ ಚಾಸಿ ಹೋತು, ಬಾಡಿನೂ ಚೌಕಟ್ಟೂ ಒಂದ ಆಗಿರೋ ಅಲ್ಯುಮಿನಿಯಂ ಮಾನೊಕಾಕ್ ಬಂತು. ನಾಕೂ ಗಾಲಿಗೆ ಬ್ಯಾರೆ ಬ್ಯಾರೆ ಸಸ್ಪೆನ್ಷನ್. ತಯಾರಾಗೋದು ಇಂಗ್ಲೆಂಡಿನ್ಯಾಗ ಅಲ್ಲ, ಸ್ಲೊವಾಕಿಯಾದ ನಿತ್ರಾದಾಗ. ಆಗಿನ ಡಿಸೈನ್ ಮುಖ್ಯಸ್ಥ ಜೆರಿ ಮೆಕ್‌ಗವರ್ನ್, ಹಳೇದರ ನಕಲು ಮಾಡಾಕ ಒಪ್ಪದ ಮನಷ್ಯಾ. ಹಳೇ ಪ್ರೇಮಿಗಳಿಗೆ ಸಿಟ್ಟು ಬಂದದ್ದು ಇಲ್ಲೇ.

ಈಗ ನಮ್ಮ ಕಡೆ ಮಾತಿಗೆ ಬರ್ರಿ. ಹಳೇ ಡಿಫೆಂಡರ್ ಭಾರತದಾಗ ಕಂಪನಿ ಕಡೆಯಿಂದ ಮಾರಾಟಕ್ಕ ಬರಲೇ ಇಲ್ಲ. 2020ರ ಅಕ್ಟೋಬರ್‌ದಾಗ ಇಲ್ಲಿ ಬಿಟ್ಟದ್ದ ಹೊಸಾದು. ಅಂದ್ರ ನಮ್ಮ ಮಂದಿ ಇದನ್ನ ಹಳೇ ಡಿಫೆಂಡರಿಗೆ ಹೋಲಸೋದಾದ್ರೂ ಹೆಂಗ? ಎಪಿಎಂಸಿ ಸಾಹುಕಾರ್ರು, ಹತ್ತಿ ವ್ಯಾಪಾರದವರು, ಇದನ್ನ ಒಂದ ಮಾತಿನ್ಯಾಗ ಹೇಳಿದ್ರು. "ತಮ್ಮಾ, ನಮಗ ಚೌಕ ಗಾಡಿ ಅಂದ್ರ ಕಮಾಂಡರ್ ಜೀಪು. ನವಲಗುಂದ ರೋಡಿಗೆ ಹದಿನೆಂಟು ಮಂದಿ ತುಂಬ್ಕೊಂಡು ಹೊಕ್ಕಿತ್ತಲ್ಲ, ಅದು. ಇಂಗ್ಲೆಂಡಿಂದು ನಮಗೇನು ಗೊತ್ತೋ?"

ಅವರ ಹಿಂದಿನ ಗಾಡಿ ಫಾರ್ಚುನರ್. ಅದರಿಂದ ಇದಕ್ಕ ಬಂದು ಅವರಿಗೆ ಖುಷಿ ಆದದ್ದು ಬಾನೆಟ್ಟಿನ ಬಗ್ಗೆ. ಸೀಟಿನ್ಯಾಗ ಕುಂತ್ರ ಬಾನೆಟ್ಟಿನ ಎರಡೂ ಮೂಲಿ ಕಣ್ಣಿಗೆ ಬೀಳ್ತಾವ. ಈಗಿನ ಗಾಡಿಗಳ ಬಾನೆಟ್ಟು ಮುಂದ ಇಳಿಜಾರಾಗಿ ಎಲ್ಲಿ ಮುಗೀತೈತೋ ತಿಳಿಯಂಗಿಲ್ಲ, ಎಪಿಎಂಸಿ ಒಳಗ ಲಾರಿ ನಡುವ ನುಸಳಾಕ ಮೂಲಿ ಕಾಣಬೇಕು ಅಂತಾರ. ಖರೇ ಮಾತದು. ನಾನೂ ಕುಂತು ನೋಡೇನಿ.

ಆದ್ರ ಆ ಬಾನೆಟ್ಟಿನ ಮ್ಯಾಲ ಕರೀ ಬಣ್ಣದ, ಗುಬಟಿ ಗುಬಟಿ ಇರೋ ಎರಡು ಪಟ್ಟಿ ಅದಾವಲ್ಲ, ಅವನ್ನ ಕಂಡ್ರ ಸಾಹುಕಾರ್ರಿಗೆ ಆಗಂಗಿಲ್ಲ. ಹಳೇ ಗಾಡಿಯೊಳಗ ಅಂಥಾ ಪಟ್ಟಿ ಲೋಹದ್ದು, ಮ್ಯಾಲ ಹತ್ತಿ ನಿಲ್ಲಾಕಂತ ಇತ್ತು. ಇದರಾಗಿನದು ಪ್ಲಾಸ್ಟಿಕ್ಕು, ನೋಡಾಕಷ್ಟ. "ನಿಲ್ಲಾಕ ಬರಂಗಿಲ್ಲಂದ ಮ್ಯಾಲ ಯಾಕ ಹಚ್ಚಬೇಕು? ಜಾತ್ರ್ಯಾಗಿನ ಹುಲಿ ವೇಷ ಹಾಕಿದಂಗಾತು." ಆ ಮಾತು ಕೇಳಿ ನಾನು ಕ್ಯಾಮರಾ ಅಲ್ಲಾಡಿಸಿಬಿಟ್ಟೆ, ನಿಮಗೂ ಕಂಡಿರಬೇಕು.

ಧಾರವಾಡದ ಡಾಕ್ಟರ್ ಅಕ್ಕಾರದ್ದು ಬ್ಯಾರೇನ ಲೆಕ್ಕ. ಅವರು ಮೊದಲ ಓಡಸ್ತಿದ್ದದ್ದು ಸೆಡಾನ್. ಮಾಳಮಡ್ಡಿ ಮನಿಯಿಂದ ಹುಬ್ಬಳ್ಳಿ ಆಸ್ಪತ್ರಿಗೆ ದಿನಾ ಹೋಗಿ ಬರೋರು, ಚಿಗರಿ ಬಸ್ಸಿಗಂತನ ಬ್ಯಾರೆ ಮಾಡಿದ ಕಾರಿಡಾರ್ ಬಾಜೂಕ ಉಳಿದ ರಸ್ತಾದಾಗ ಎಲ್ಲಾ ಗಾಡಿ ಒತ್ತಿಕೊಂಡು ಹೊಕ್ಕಾವಲ್ಲ, ಅದರೊಳಗ. ನಾನು ಹೊರಗಿನ ರೂಪದ ಬಗ್ಗೆ ಕೇಳಿದ್ರ ಅವರು ಸೀರಿ ಬಗ್ಗೆ ಹೇಳಿದ್ರು. "ಸೀರಿ ಉಟ್ಕೊಂಡು ಹತ್ತಬೇಕು, ಇಳೀಬೇಕು. ಇದು ಗಿಡಾ ಹತ್ತಿದಂಗ ಆಗಬಾರದು." ಏರ್ ಸಸ್ಪೆನ್ಷನ್ ಇರೋದರಿಂದ ನಿಂತಾಗ ಗಾಡಿ 50 ಮಿಲಿಮೀಟರ್ ಕೆಳಗ ಇಳೀತೈತಿ. ಕೇಳಾಕ ಎರಡು ಇಂಚು, ಮೊಣಕಾಲ್ ನೋವಿರೋ ಅವರ ಅತ್ತಿಯವರಿಗೆ ಅದು ಭಾಳ ದೊಡ್ಡದು. ಅದಾದ ಮ್ಯಾಲೂ ಬಾಜೂಕ ಒಂದು ಫುಟ್‌ಬೋರ್ಡ್ ಹಾಕಿಸ್ಯಾರ.

ಅತ್ತಿಯವರು ಮೊದಲನೇ ಸಲ ಒಳಗ ಕುಂತಾಗ ಡ್ಯಾಶ್‌ಬೋರ್ಡ್ ನೋಡಿ, "ಏ, ಇವ್ರು ಸ್ಕ್ರೂ ಮುಚ್ಚೋದ ಮರತಾರಲ್ಲ!" ಅಂದ್ರಂತ. ಡಿಸೈನಿನವರು ಅದನ್ನ ಬೇಕಂತ ಬಿಟ್ಟಾರ. ಗಾಡಿಯ ಅಡ್ಡ ಒಂದು ಮೆಗ್ನೀಷಿಯಂ ತೊಲಿ ಐತಿ, ಬ್ಯಾರೆ ಕಾರಿನೊಳಗ ಅದು ಪ್ಲಾಸ್ಟಿಕ್ಕಿನ ಹಿಂದ ಅಡಗಿರ್ತೈತಿ, ಇಲ್ಲಿ ಬಿಚ್ಚಿ ತೋರಿಸ್ಯಾರ. ಬಾಗಲದಾಗೂ ಸ್ಕ್ರೂ ಹೊರಗ ಕಾಣತಾವ. ಅಕ್ಕಾರಿಗೆ ಅದು ಸೇರತೈತಿ, ನನಗೂ ಸೇರೇತಿ. ಇಡೀ ಗಾಡಿಯೊಳಗ ನಾಟಕ ಇಲ್ಲದ ಜಾಗ ಅಂದ್ರ ಅದ.

ಹಿಂದಿನ ಬಾಗಲಾ ಮಾತ್ರ ಅಕ್ಕಾರಿಗೆ ತಲಿಬ್ಯಾನಿ. ಮ್ಯಾಲ ಏಳಂಗಿಲ್ಲ, ಮನಿ ಬಾಗಲದಂಗ ಬಾಜೂಕ ತೆರೀತೈತಿ. ಸ್ಟೆಪ್ನಿ ಸೇರಿ ಗಾಡಿ ಐದು ಮೀಟರ್ ಉದ್ದ, ಅದರ ಮ್ಯಾಲ ಈ ಬಾಗಲಾ ತೆರಿಯಾಕ ಹಿಂದ ಜಾಗ ಬೇಕು. ಆಸ್ಪತ್ರಿ ಪಾರ್ಕಿಂಗಿನ್ಯಾಗ ಹಿಂದ ಗ್ವಾಡಿ ಇದ್ರ ಆತು, ಬ್ಯಾಗ್ ತಗಿಯಾಕ ಗಾಡಿ ಮುಂದ ತಗೋಬೇಕು. ಸ್ಟೆಪ್ನಿ ಅಡ್ಡ ಬಂದು ಹಿಂದಿಂದು ಕಾಣಂಗಿಲ್ಲಂತ ಒಳಗಿನ ಕನ್ನಡಿಯೊಳಗ ಕ್ಯಾಮರಾದ ಚಿತ್ರ ಬರೂ ಹಂಗ ಮಾಡ್ಯಾರ. ಮೊದಲ ತಾವ ಮುಚ್ಚೋದು, ಆಮ್ಯಾಲ ತಾವ ತೋರಸೋದು.

ಗದಗದ ಕಾಂಟ್ರ್ಯಾಕ್ಟರ್ ಅಣ್ಣಾರ ಕಡೆ ಹ್ವಾದಾಗ ಊಟದ ಹೊತ್ತು. ಕಪ್ಪತಗುಡ್ಡದ ಕಡೆ ಗಾಳಿಗಿರಣಿ ಸೈಟಿಗೆ ಓಡಾಡೋರು. ಬೊಲೆರೋ ಇಟ್ಕೊಂಡ ಮ್ಯಾಲ ಇದನ್ನೂ ತಗೊಂಡಾರ. ಅವರದ್ದು ಹೊಸಾ ಗಾಡಿ, 2025ರಾಗ ಕಂಪನಿ ಸಣ್ಣದಾಗಿ ತಿದ್ದಿತಲ್ಲ, ಆಮ್ಯಾಲಿಂದು. ಹಿಂದಿನ ಲೈಟು ಕಪ್ಪ ಗ್ಲಾಸಿನವು, ಒಳಗ 13.1 ಇಂಚಿನ ಸ್ಕ್ರೀನ್. ನೋಡಿದ್ರ ಅಷ್ಟಕ್ಕಷ್ಟ ಬದಲಾವಣಿ. ಸಾಹುಕಾರ್ರಿಗೆ ಫೋಟೋ ಕಳಿಸಿದ್ರ, "ಲೈಟಿಗೆ ಮಸಿ ಬಳದಾರೇನ?" ಅಂತ ಉತ್ತರ ಬಂತು.

ಅಣ್ಣಾರು ಹಂಗ ಅಲ್ಲ, ಅವರಿಗೆ ರೂಪಕ್ಕಿಂತ ಒಳಗಿನ ಎಲುಬಿನ ಬಗ್ಗೆ ವಿಚಾರ. ಅವರ ಬೊಲೆರೋ ನೋಡ್ಕೋಳ್ಳೋ ಮಿಸ್ತ್ರಿ ಮೊದಲನೇ ದಿನ ಕೆಳಗ ಬಗ್ಗಿ ನೋಡಿ, "ಚಾಸಿ ಇಲ್ಲದ್ದು ಗಾಡಿ ಅಲ್ರಿ ಸಾಹೇಬ್ರ" ಅಂದನಂತ. ಆ ಮಿಸ್ತ್ರಿ ಹೇಳಿದ್ದನ್ನ ಇಂಗ್ಲೆಂಡಿನ್ಯಾಗೂ ಸಾವಿರಾರು ಮಂದಿ ಹೇಳ್ಯಾರ. ಕಂಪನಿ ಲೆಕ್ಕದಾಗ ಈ ಬಾಡಿ ಹಳೇ ಮಾದರಿ ಚಾಸಿ ಗಾಡಿಗಿಂತ ಮೂರು ಪಟ್ಟು ಗಟ್ಟಿ. ಬೆಣ್ಣಿಹಳ್ಳ ಉಕ್ಕಿ ಬಂದಾಗ ನವಲಗುಂದ ಕಡೆ ರಸ್ತಾ ಏನಾಗತಾವ ನಿಮಗ ಗೊತ್ತೈತಿ. ಏರ್ ಸಸ್ಪೆನ್ಷನ್ ಮ್ಯಾಲ ಎತ್ತಿದ್ರ ಈ ಗಾಡಿ 900 ಮಿಲಿಮೀಟರ್ ನೀರಿನ್ಯಾಗ ದಾಟತೈತಿ, ಬಾಜೂ ಕನ್ನಡಿಯೊಳಗಿನ ಸೆನ್ಸಾರ್ ನೀರಿನ ಆಳ ಅಳದು ಸ್ಕ್ರೀನಿಗೆ ತೋರಸತೈತಿ. ಹಂಗಂತ ಹರಿಯೋ ಹಳ್ಳಕ್ಕ ಯಾರೂ ಇಳಿಸಬ್ಯಾಡ್ರಿ. ಆ ಲೆಕ್ಕ ನಿಂತ ನೀರಿಂದು. ಸೆಳವಿಗೆ ಲಾರೀನೂ ಉಳಿಯಂಗಿಲ್ಲ.

ಅಣ್ಣಾರ ಚಿಂತಿ ಇಷ್ಟ: ಎರಿ ಹೊಲದಾಗ ಸಿಕ್ಕೊಂಡ್ರ ಬೊಲೆರೋನ ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ಎಳೀತೀವಿ, ತಗ್ಗು ಬಿದ್ರ ರಸ್ತಾ ಬಾಜೂಕ ಬಡದು ಎಬ್ಬಸ್ತೀವಿ. ಈ ಅಲ್ಯುಮಿನಿಯಂ ಮೈಗೆ ಸುತ್ತಗಿ ಮುಟ್ಟಸಾಕ ಯಾರಿಗೂ ಧೈರ್ಯ ಇಲ್ಲ. ಅದಕ್ಕ ಸೈಟಿಗೆ ಇನ್ನೂ ಬೊಲೆರೋನ ಹೊಕ್ಕೈತಿ. ಡಿಫೆಂಡರ್ ಹೋಗೋದು ಬೆಂಗಳೂರಿಗೆ, ಮದವಿಗೆ, ಮಂತ್ರಿಗಳ ಭೇಟಿಗೆ. ಹಳ್ಳ ಕೊಳ್ಳ ದಾಟಾಕ ಹುಟ್ಟಿದ ಗಾಡಿ ಕಲ್ಯಾಣ ಮಂಟಪದ ಮುಂದ ನಿಂತೈತಿ ಅಂತ ನಾನು ಅಂದ್ರ, "ಅಲ್ಲಿ ನಿಲ್ಲಾಕಂತನ ರೂಪ ಬದಲ ಮಾಡ್ಯಾರ ತಮ್ಮಾ" ಅಂತ ಹೇಳಿ ಅವರು ಇನ್ನೊಂದು ರೊಟ್ಟಿ ಹಾಕಿಸಿದ್ರು.

ರೇಟಿನ ಬಗ್ಗೆ ಕಮೆಂಟಿನ್ಯಾಗ ಕೇಳ್ತೀರಿ, ಈಗ ಹೇಳಿಬಿಡ್ತೇನಿ. ದೊಡ್ಡ ಗಾಡಿಗಳಿಗೆ 28 ಜಿಎಸ್‌ಟಿ ಮ್ಯಾಲ 22 ಸೆಸ್ ಇತ್ತು, 2025ರ ಸೆಪ್ಟೆಂಬರ್ 22ರಿಂದ ಸೆಸ್ ತಗದು 40 ಮಾಡ್ಯಾರ. ಮ್ಯಾಲ ನಮ್ಮ ರಾಜ್ಯದಾಗ 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟ್ ರೋಡ್ ಟ್ಯಾಕ್ಸ್. ಬ್ರಿಟನ್ ಜೋಡಿ ವ್ಯಾಪಾರ ಒಪ್ಪಂದ ಆತಲ್ಲ, ಸೋವಿ ಆಗತೈತೇನು ಅಂತ ಸಾಹುಕಾರ್ರು ಕೇಳಿದ್ರು. ಗಾಡಿ ಬರೋದು ಸ್ಲೊವಾಕಿಯಾದಿಂದ, ಆ ಒಪ್ಪಂದ ಇದಕ್ಕ ಹತ್ತಂಗಿಲ್ಲ.

ಇನ್ನೊಂದು ಮಾತು. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ ಮುಂದ ಚಾದಂಗಡಿಯೊಳಗ ಒಬ್ಬ ಹುಡುಗ, "ಇದು ಟಾಟಾದವರ ಗಾಡಿ ಅಲ್ಲೇನ್ರಿ, ಹಂಗಾರ ನಮ್ಮ ಫ್ಯಾಕ್ಟರಿಯೊಳಗ ಯಾಕ ಮಾಡಂಗಿಲ್ಲ?" ಅಂತ ಕೇಳಿದ. ಟಾಟಾ ಮೋಟರ್ಸ್ 2008ರಾಗ ಫೋರ್ಡ್ ಕಡೆಯಿಂದ ಜಾಗ್ವಾರ್ ಲ್ಯಾಂಡ್ ರೋವರನ್ನ 230 ಕೋಟಿ ಡಾಲರಿಗೆ ತಗೊಂತು, ಅದ ಟಾಟಾದವರು ಧಾರವಾಡದಾಗ ಬಸ್ಸಿನ ಬಾಡಿ ಕಟ್ಟತಾರ. ರೇಂಜ್ ರೋವರ್ ಈಗ ಪುಣೆದಾಗ ಜೋಡಣಿ ಆಗತೈತಿ. ಹುಡುಗನ ಪ್ರಶ್ನಾ ದಡ್ಡ ಪ್ರಶ್ನಾ ಅಲ್ಲ ಅಂತ ನನಗ ಅನಸ್ತು.

ಮುಂದಿನ ವಿಡಿಯೋಕ್ಕ ಹಾವೇರಿ ಕಡೆ ಹೊಂಟೇನಿ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಕಾಕಾರೊಬ್ರು ಉದ್ದನೇ ಡಿಫೆಂಡರ್ 130 ತಗೊಂಡಾರ, ಎಂಟು ಮಂದಿ ಕುಂದರೋ ಅಂಥಾದ್ದು. ಮೂರನೇ ಸಾಲಿಗೆ ಹತ್ತಿ ಕುಂತು ತೋರಸ್ತೇನಿ ಅಂತ ಅವರ ಅವ್ವಾರು ಮಾತು ಕೊಟ್ಟಾರ. ನಿಮ್ಮ ಓಣ್ಯಾಗ ಇಂಥಾ ಗಾಡಿ ಇದ್ರ, ಹಿಂದಿನ ಬಾಗಲಾ ಎಲ್ಲಿ ನಿಲ್ಲಿಸಿ ತೆರೀತೀರಿ, ಅದನ್ನ ಕೆಳಗ ಬರೀರಿ.