ಟಿಪ್ಸ್ ಕೊಡೋಣ, ಸಂಬಳ ಮಾಲೀಕರೇ ಕೊಡಲಿ

ನಮಸ್ಕಾರ. ಮುಂಬಯಿ ಕನ್ನಡಿಗರು ಟಿಪ್ಸ್ ವಿಷಯ ಬಂದರೆ ಸುಮ್ಮನಾಗಿಬಿಡ್ತೀವಿ. ಕಾರಣ ಇದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಜ್ಜನೋ ಊರು ಬಿಟ್ಟು ಬಂದು ಉಡುಪಿ ಹೋಟೆಲಲ್ಲಿ ಕಪ್ಪು ಬಸಿ ತೊಳೆದವರು, ಕೆಲಸ ಮುಗಿಸಿ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡಿದವರು. ಅಂಥ ಮನೆಯಲ್ಲಿ ಬೆಳೆದವರಿಗೆ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಡದೆ ಏಳೋಕೆ ಮನಸ್ಸು ಒಪ್ಪಲ್ಲ. ನನಗೂ ಒಪ್ಪಲ್ಲ.

ಆದರೆ ಈಗ ನಡೀತಿರೋದೇ ಬೇರೆ. ಮಳೆಗಾಲದ ಸಂಜೆ ಅಂಧೇರಿ ಸ್ಟೇಷನ್ ಹೊರಗೆ ನಿಂತು ಕ್ಯಾಬ್ ಬುಕ್ ಮಾಡೋಕೆ ಹೋಗಿ, ಗಾಡಿ ಸಿಗೋ ಮೊದಲೇ ಫೋನ್ ಕೇಳುತ್ತೆ: ಇಪ್ಪತ್ತು ಸೇರಿಸ್ತೀರಾ, ಐವತ್ತು ಸೇರಿಸ್ತೀರಾ? ಡ್ರೈವರ್ ಮುಖ ನೋಡಿಲ್ಲ, ಸೀಟಲ್ಲಿ ಕೂತಿಲ್ಲ, ಆಗಲೇ ಭಕ್ಷೀಸು! ಇದು ಹರಾಜು ಕಣ್ರೀ. ಪಕ್ಕದಲ್ಲಿ ಮಗು ಎತ್ತಿಕೊಂಡು ನೆನೆಯುತ್ತಿರೋ ತಾಯಿ ಐವತ್ತು ಹಾಕಿದರೆ ನಾನು ಎಪ್ಪತ್ತು ಹಾಕಿ ಗಾಡಿ ಹೊಡ್ಕೋಬೇಕಾ? 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಮುಂಗಡ ಟಿಪ್ ವಿಚಾರಕ್ಕೇ ಊಬರ್‌ಗೆ ನೋಟಿಸ್ ಕೊಟ್ಟಿತು. ಗ್ರಾಹಕ ವ್ಯವಹಾರ ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಟಿಪ್ ಅಂದ್ರೆ ಸೇವೆ ಆದಮೇಲೆ ಮೆಚ್ಚಿ ಕೊಡೋದು, ಹಕ್ಕಿನಿಂದ ಕೇಳೋದಲ್ಲ ಅಂತ ಅವರು ಅಂದದ್ದು ನೂರಕ್ಕೆ ನೂರು ಸರಿ.

ಇನ್ನು ಹೋಟೆಲ್ ಬಿಲ್ಲು. ಊಟ ಸಾವಿರ ರೂಪಾಯಿ. ಕೆಳಗೆ ಸರ್ವಿಸ್ ಚಾರ್ಜ್ ಶೇ. 10, ಅಂದರೆ ನೂರು. ಶೇ. 5ರ ಜಿಎಸ್‌ಟಿ ಬೀಳೋದು ಸಾವಿರಕ್ಕಲ್ಲ, ಸಾವಿರದ ನೂರಕ್ಕೆ. ಒಟ್ಟು 1,155. ಕೇಳದೇ ವಸೂಲಿ ಮಾಡಿದ ಟಿಪ್ಸಿನ ಮೇಲೂ ತೆರಿಗೆ ಕಟ್ಟಿ ಬಂದೆವು! ಬಿಲ್ಲಿಗೆ ಹೀಗೆ ತಾನಾಗೇ ಸೇರಿಸಬಾರದು ಅಂತ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಮೇಲ್ಮನವಿ ಹಾಕಿದ್ದಾರೆ, ಅದು ಬೇರೆ.

ತೀರ್ಪು ಬಂದಮೇಲೆ ಬಾಂದ್ರಾದ ಒಂದು ಹೋಟೆಲಲ್ಲಿ ನಾನು ಸರ್ವಿಸ್ ಚಾರ್ಜ್ ತೆಗೀರಿ ಅಂದೆ. ಮ್ಯಾನೇಜರ್ ನನಗೆ ಉತ್ತರ ಕೊಡಲಿಲ್ಲ. ನಮಗೆ ಬಡಿಸಿದ ಹುಡುಗನನ್ನು ಕರೆದು ಎದುರಿಗೆ ನಿಲ್ಲಿಸಿದರು. ‘ಇದು ಇವನ ದುಡ್ಡು ಸಾರ್. ಬೇಡ ಅಂದ್ರೆ ಕಟ್ ಮಾಡ್ತೀನಿ.’ ಆ ಹುಡುಗ ಹೆಗಲ ಮೇಲಿನ ಬಟ್ಟೆ ಹಿಂಡುತ್ತಾ ನೆಲ ನೋಡ್ತಾ ನಿಂತ. ನನ್ನ ಮೈ ಉರಿಯಿತು. ಅವನಿಗೆ ಸಂಬಳ ಕೊಡಬೇಕಾದವರು ಅವನನ್ನೇ ಮುಂದಿಟ್ಟು ನನ್ನ ಜೇಬಿಗೆ ಕೈ ಹಾಕ್ತಿದ್ದಾರೆ. ಆ ನೂರರಲ್ಲಿ ಅವನ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿದರೆ ಅವರ ಹತ್ತಿರ ಮಾತಿಲ್ಲ.

ಗ್ಯಾಸ್ ಸಿಲಿಂಡರ್‌ದೂ ಹಾಗೇ. ಮನೆಬಾಗಿಲಿಗೆ ತಲುಪಿಸೋ ಖರ್ಚು ಬಿಲ್ಲಲ್ಲೇ ಸೇರಿದೆ. ಆದರೂ ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗಲ್ಲಿ ಹೆಗಲ ಮೇಲೆ ಹೊತ್ತು ನಾಲ್ಕನೇ ಮಾಳಿಗೆ ಹತ್ತಿ ಬಂದವನಿಗೆ ನಾನು ಖುಷಿಯಿಂದ ಕೊಡ್ತೀನಿ. ದೀಪಾವಳಿ ಪೋಸ್ತನ್ನೂ, ಅಂದರೆ ಹಬ್ಬದ ಭಕ್ಷೀಸನ್ನೂ, ವಾಚ್‌ಮನ್‌ಗೆ ಕೈಯಾರೆ ಕೊಡ್ತೀನಿ. ಅವರ ಜೊತೆ ಚೌಕಾಸಿ ಮಾಡಲ್ಲ.

ನೀವೂ ಒಂದು ಕೆಲಸ ಮಾಡಿ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಕಂಡರೆ ಬಡಿಸಿದವನ ಮೇಲೆ ರೇಗಬೇಡಿ, ನೇರ ಗಲ್ಲಾಕ್ಕೆ ಹೋಗಿ ತೆಗೆಸಿ. ತೆಗೆಯಲ್ಲ ಅಂದರೆ ಅಲ್ಲೇ ನಿಂತು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ. ಆಮೇಲೆ ಆ ಹುಡುಗನನ್ನು ಹುಡುಕಿ, ನಿಮಗೆ ತೋಚಿದಷ್ಟು ಅವನ ಕೈಗೇ ಕೊಡಿ. ಯುಪಿಐ ಮಾಡೋದಾದರೆ ಅವನ ನಂಬರ್ ಕೇಳಿ ಮಾಡಿ, ಗಲ್ಲಾದ ಕ್ಯೂಆರ್‌ಗೆ ಬೇಡ.