ಬೆಕ್ಕು, ಹಾಲಿನ ಪಾತ್ರೆ ಮತ್ತು ಬ್ಯಾಕ್ಟೀರಿಯಾದ ವಿಷ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ವಾಂತಿಭೇದಿಯಾಗಿ ಕ್ಲಿನಿಕ್ ಒಂದರಲ್ಲಿ ಡ್ರಿಪ್ಸ್ ಹಾಕಿದ್ದರು. ಬಾಟಲಿ ಇನ್ನೂ ಕಾಲುಭಾಗ ಇಳಿದಿರಲಿಲ್ಲ, ಹಲ್ಲು ಕಟಕಟ ಅನ್ನುವಷ್ಟು ಚಳಿ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುತ್ತಿತ್ತು. ನರ್ಸಮ್ಮ ಓಡಿಬಂದು ನಿಲ್ಲಿಸಿದರು. 'ಈ ಬಾಟ್ಲಿ ಸರಿ ಇಲ್ಲ, ಬೇರೆ ಹಾಕೋಣ' ಅಂದರು. ಬಾಟಲಿಯನ್ನು ಕಾಯಿಸಿ ಕ್ರಿಮಿಗಳನ್ನೆಲ್ಲ ಕೊಂದಿರುತ್ತಾರೆ ಅಲ್ವಾ? ಮತ್ತೆ ಹೇಗೆ ಸರಿ ಇಲ್ಲ? ಇದಕ್ಕೆ ಉತ್ತರ ಗೊತ್ತಾಗಲು ನಾನು ಎಂ.ಎಸ್ಸಿ. ತನಕ ಓದಬೇಕಾಯಿತು.

ಎಷ್ಟೋ ಬ್ಯಾಕ್ಟೀರಿಯಾಗಳು ಸತ್ತರೂ ಅವುಗಳ ಹೊರಪದರದ ಚೂರುಗಳು ಉಳಿದಿರುತ್ತವೆ. 1892ರಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿಯಲ್ಲಿ ಕೊಂದು ಗಿನಿಪಿಗ್‌ಗಳಿಗೆ ಚುಚ್ಚಿದರು. ಗಿನಿಪಿಗ್‌ಗಳು ಸತ್ತವು. ವಿಷ ಕ್ರಿಮಿಯ ಒಳಗೇ ಇದೆ ಅಂದುಕೊಂಡು ಎಂಡೋಟಾಕ್ಸಿನ್, ಅಂದರೆ ಒಳವಿಷ, ಎಂದು ಹೆಸರಿಟ್ಟರು. ಅದಿರುವುದು ಹೊರಮೈಯಲ್ಲಿ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಅಂಟಿಕೊಂಡುಬಿಟ್ಟಿತ್ತು. ಸುಮ್ನೆ ಕುದಿಸಿದರೆ ಇದು ಹೋಗುವುದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು.

ತಮಾಷೆ ಏನೆಂದರೆ, ನಡುಕಕ್ಕೆ ಕಾರಣ ಈ ವಸ್ತು ಮಾಡುವ ಹಾನಿಗಿಂತ ಜಾಸ್ತಿ ನಮ್ಮದೇ ಗಲಾಟೆ. ಕೆಜಿ ತೂಕಕ್ಕೆ 2ರಿಂದ 4 ನ್ಯಾನೋಗ್ರಾಂ ರಕ್ತಕ್ಕೆ ಸೇರಿದರೆ ಸಾಕು, ಗಟ್ಟಿಮುಟ್ಟಾದ ಮನುಷ್ಯನಿಗೂ ಚಳಿಜ್ವರ ಬರುತ್ತದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಇಷ್ಟು ಸೂಕ್ಷ್ಮವಾಗಿ ವಾಸನೆ ಹಿಡಿಯುವ ಮೂಗು ಯಾವುದು? 1998ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಅದನ್ನು ಹಿಡಿಯಿತು. ಅವರ ಬಳಿ ಒಂದು ವಿಚಿತ್ರ ತಳಿಯ ಇಲಿಗಳಿದ್ದವು. ಎಂಡೋಟಾಕ್ಸಿನ್ ಎಷ್ಟು ಚುಚ್ಚಿದರೂ ಅವು ಆರಾಮಾಗಿ ಓಡಾಡಿಕೊಂಡಿರುತ್ತಿದ್ದವು. ಅದೃಷ್ಟವಂತ ಇಲಿಗಳು ಅನ್ನಬೇಡಿ. ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಬೇರೆ ಇಲಿಗಳಿಗಿಂತ ಇವೇ ಬೇಗ ಸಾಯುತ್ತಿದ್ದವು. ಹುಡುಕಿದಾಗ ಆ ಮೂಗನ್ನು ತಯಾರಿಸುವ ಟಿಎಲ್ಆರ್-4 ಎಂಬ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿತ್ತು. ಬ್ಯೂಟ್ಲರ್‌ಗೆ 2011ರಲ್ಲಿ ನೊಬೆಲ್ ಬಂತು.

ಇದು ವಾಸನೆಯ ಕಥೆ. ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ, ಇವತ್ತು ಬಂದಿರುವುದೇ ಅದನ್ನು ಹೇಳಲು. ಹೊರಪದರದ ಕಥೆ ಸರಿ, ಆದರೆ ಬ್ಯಾಕ್ಟೀರಿಯಾ ತಯಾರಿಸಿ ಹೊರಗೆ ಬಿಡುವ ವಿಷಗಳಿವೆಯಲ್ಲ, ಅವು ನೂರಾರು ಬಗೆ. ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದಕ್ಕೂ ಒಂದೊಂದು ಮೂಗು ಇಟ್ಟುಕೊಳ್ಳಲು ಆಗುತ್ತದೆಯೇ?

ನಮ್ಮಜ್ಜಿ ಏನು ಮಾಡುತ್ತಿದ್ದರು ಗೊತ್ತಾ? ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಅಂಚಿಗೆ ಒಂದು ಹಿತ್ತಾಳೆ ಲೋಟ ಇಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಬರಲಿ, ಬಿಟ್ಟುಕೊಂಡು ಬರಲಿ, ಕರೀ ಬೆಕ್ಕೋ ಬಿಳೀ ಬೆಕ್ಕೋ, ಅಜ್ಜಿಗೆ ಬೇಕಿರಲಿಲ್ಲ. ತಟ್ಟೆ ಸರಿದರೆ ಲೋಟ ಢಣ್ ಅಂತ ಬೀಳುತ್ತಿತ್ತು.

ನಮ್ಮ ಜೀವಕೋಶಗಳೂ ಇಂಥ ಲೋಟ ಇಟ್ಟಿವೆ. ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಒಂದು ವಿಷ ಕತ್ತರಿ ಇದ್ದ ಹಾಗೆ. ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳನ್ನು ಕತ್ತರಿಸಿ ಹಾಕುತ್ತದೆ. ಇಲಿಯ ಕೋಶದಲ್ಲಿ ಎನ್ಎಲ್ಆರ್‌ಪಿ-1ಬಿ ಎಂಬ ಪ್ರೋಟೀನ್ ಇದೆ. ಕೆಲವು ತಳಿಗಳಲ್ಲಿ ಅದರ ಒಂದು ತುದಿ ಈ ಕತ್ತರಿಗೆ ಸಿಗುವ ಹಾಗೇ ಇರುತ್ತದೆ. ಕತ್ತರಿಸಿದ ತುದಿ ಬೇಗ ಕೆಡುತ್ತದೆ. ಕೆಟ್ಟದ್ದನ್ನು ಚೂರು ಮಾಡುವ ಕೋಶದ ಯಂತ್ರ ಅದನ್ನು ಎಳೆದುಕೊಂಡು ಅರೆಯುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಬಾಲದ ತುಂಡು. ಅಲ್ಲಿಯವರೆಗೆ ಬಂಧನದಲ್ಲಿದ್ದ ಆ ತುಂಡೇ ಈಗ ಬಿಡಿಸಿಕೊಂಡು ಗಂಟೆ ಬಾರಿಸುತ್ತದೆ. ಆಗ ಕೋಶದ ಹೊರಪೊರೆಯಲ್ಲಿ ತೂತು ಬೀಳುತ್ತದೆ. ಉರಿಯೂತದ ಸಂದೇಶಗಳು ಹೊರಗೆ ಹರಿಯುತ್ತವೆ, ಕೋಶ ಒಡೆದು ಸಾಯುತ್ತದೆ. ಮನುಷ್ಯರ ಎನ್ಎಲ್ಆರ್‌ಪಿ-1 ಆಂಥ್ರಾಕ್ಸ್ ಕತ್ತರಿಗೆ ಸಿಗುವುದಿಲ್ಲ. ಆದರೆ ನೆಗಡಿ ತರುವ ರೈನೋವೈರಸ್‌ನ ಕತ್ತರಿಗೆ ಸಿಗುತ್ತದೆ. ಲೋಟ ಒಂದೇ, ನಮ್ಮ ಮನೆಗೆ ಬರುವ ಬೆಕ್ಕು ಬೇರೆ.

ಪೈರಿನ್ ಎಂಬ ಪ್ರೋಟೀನ್ ಇನ್ನೂ ಜಾಣ. ಇದು ಬಿಳಿ ರಕ್ತಕಣಗಳಲ್ಲಿರುತ್ತದೆ. ಅಲ್ಲೇ ರೋ-ಎ ಎಂಬ ಇನ್ನೊಂದಿದೆ. ಬಿಳಿ ರಕ್ತಕಣ ತೆವಳಲು, ಕ್ರಿಮಿ ನುಂಗಲು ರೋ-ಎ ಬೇಕು. ಹಾಗಾಗಿ ಎಷ್ಟೋ ಬ್ಯಾಕ್ಟೀರಿಯಾಗಳ ಕಣ್ಣು ಇದರ ಮೇಲೆಯೇ. ಆಂಟಿಬಯೋಟಿಕ್ ಜಾಸ್ತಿ ತಿಂದವರಿಗೆ ಭೇದಿ ತರುವ ಸಿ. ಡಿಫಿಸಿಲ್, ರೋ-ಎಗೆ ಒಂದು ಸಕ್ಕರೆ ಅಂಟಿಸಿ ಕೆಡಿಸುತ್ತದೆ. ಸರಿಯಾಗಿ ಬೇಯದ ಸಿಗಡಿಯಿಂದ ಬರುವ ಒಂದು ವಿಬ್ರಿಯೊ ಬೇರೆಯೇ ಒಂದು ಅಣುವನ್ನು ಅಂಟಿಸುತ್ತದೆ. 2014ರಲ್ಲಿ ಬೀಜಿಂಗ್‌ನ ಫೆಂಗ್ ಶಾವೊ ತಂಡ ತೋರಿಸಿದ್ದು ಇದನ್ನೇ: ಅಂಟಿಸಿದ್ದು ಏನೇ ಆಗಲಿ, ರೋ-ಎ ಕೆಟ್ಟರೆ ಪೈರಿನ್ ಎದ್ದು ಅದೇ ಗಂಟೆ ಬಾರಿಸುತ್ತದೆ. ಪೈರಿನ್ ವಿಷವನ್ನು ಮುಟ್ಟುವುದೂ ಇಲ್ಲ. ರೋ-ಎ ಚೆನ್ನಾಗಿರುವಷ್ಟು ಕಾಲ ಅದು ಬೇರೆ ಕಿಣ್ವಗಳ ಕೈಯಿಂದ ಪೈರಿನ್ನನ್ನು ಕಟ್ಟಿಹಾಕಿಸಿರುತ್ತದೆ. ಹಗ್ಗ ಹಿಡಿದವನು ಬಿದ್ದರೆ ಹೋರಿ ತಾನಾಗಿ ನುಗ್ಗುತ್ತದೆ ಅಲ್ವಾ, ಹಾಗೆ.

ಪ್ಲೇಗ್ ಬ್ಯಾಕ್ಟೀರಿಯಾಗೆ ಈ ಗುಟ್ಟು ಗೊತ್ತು. ಅದೂ ರೋ-ಎ ಕೆಡಿಸುತ್ತದೆ, ಜೊತೆಗೆ ಯಾಪ್-ಎಂ ಎಂಬ ಪ್ರೋಟೀನನ್ನೂ ಕಳಿಸಿ ಪೈರಿನ್‌ಗೆ ಮತ್ತೆ ಹಗ್ಗ ಬಿಗಿಸುತ್ತದೆ. ಟರ್ಕಿ, ಅರ್ಮೇನಿಯಾ ಕಡೆ ತುಂಬ ಜನರ ಪೈರಿನ್ ಜೀನ್‌ನಲ್ಲಿ ಸಣ್ಣ ಬದಲಾವಣೆ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕ್ರಿಮಿ ಇಲ್ಲದೆಯೇ ಆಗಾಗ ಜ್ವರ, ಹೊಟ್ಟೆನೋವು. ಇಂಥ ಪೈರಿನ್ ಯಾಪ್-ಎಂಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ಕಾಲದ ಪ್ಲೇಗಿನಲ್ಲಿ ಇದು ಜೀವ ಉಳಿಸಿದ್ದಕ್ಕೇ ಇಷ್ಟು ಜನರಲ್ಲಿ ಉಳಿದಿದೆ ಎಂದು 2020ರಲ್ಲಿ ಒಂದು ತಂಡ ವಾದಿಸಿತು. ನನಗೂ ಅದು ಒಪ್ಪುವಂತಿದೆ.

ಆ ಜ್ವರಕ್ಕೆ ಕೊಡುವ ಮಾತ್ರೆ ಕೋಲ್ಚಿಸಿನ್. ಅದು ಬಳಸುದಾರಿಯಲ್ಲಿ ರೋ-ಎ ಚುರುಕು ಮಾಡಿ ಪೈರಿನ್‌ಗೆ ಹಗ್ಗ ಬಿಗಿಸುತ್ತದೆ. ಮಲೆನಾಡಿನವರು ಇಲ್ಲಿ ಯಾರಾದರೂ ಇದ್ದೀರಾ? ಹಬ್ಬದ ಹೊತ್ತಿಗೆ ಬೇಲಿ ಮೇಲೆ ಕೆಂಪು ಹಳದಿಯಾಗಿ ಬೆಂಕಿ ಹೊತ್ತಿದ ಹಾಗೆ ಅರಳುತ್ತದಲ್ಲ, ಗೌರಿ ಹೂ, ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕೋಲ್ಚಿಸಿನ್. ಗೆಡ್ಡೆ ತಿಂದು ಸತ್ತವರಿದ್ದಾರೆ, ದಯವಿಟ್ಟು ಪ್ರಯೋಗ ಮಾಡಬೇಡಿ. ಪ್ರಶ್ನೆಗಳಿದ್ದರೆ ಕೇಳಿ.