ಉಸಿರಿನಲ್ಲಿ ಸಿಗುವ ಲೆಕ್ಕ

ಗೆಳೆಯರೇ,

ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿರುವ ರೋಗಿ ಹಸಿವಾಗಿದೆ ಎನ್ನಲಾರ, ಸಾಕು ಎಂದೂ ಎನ್ನಲಾರ. ಮೂಗಿನ ನಳಿಕೆಯ ಮೂಲಕ ಎಷ್ಟು ಆಹಾರ ಹೋಗಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಆ ತೀರ್ಮಾನಕ್ಕೆ ಆಧಾರವೇನು ಎಂಬುದರ ಬಗ್ಗೆ ಇಂದು ಮಾತನಾಡುತ್ತೇನೆ.

ಬಹಳಷ್ಟು ಕಡೆ ಆಧಾರ ಒಂದು ಸೂತ್ರ. ತೂಕ, ಎತ್ತರ, ವಯಸ್ಸುಗಳಿಂದ ದೇಹದ ಶಕ್ತಿಯ ಖರ್ಚನ್ನು ಅಂದಾಜಿಸುವ 1919ರ ಹ್ಯಾರಿಸ್–ಬೆನೆಡಿಕ್ಟ್ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದನ್ನು ಕಟ್ಟಿದ್ದು ಆರೋಗ್ಯವಂತರನ್ನು ಅಳೆದು. ನಮ್ಮ ರೋಗಿಗೆ ಜ್ವರ, ನಡುಕ, ಸುಟ್ಟಗಾಯಗಳಿದ್ದರೆ ಶಕ್ತಿಯ ಖರ್ಚು ಏರುತ್ತದೆ. ನಿದ್ರಾಜನಕಗಳು, ಸ್ನಾಯು ಸಡಿಲಿಸುವ ಔಷಧಗಳು ಅದನ್ನು ಇಳಿಸುತ್ತವೆ. ಸೂತ್ರಕ್ಕೆ ಬೇಕಾದ ದೇಹತೂಕವನ್ನಾದರೂ ನಂಬೋಣವೆಂದರೆ, ಮೈಯಲ್ಲಿ ತುಂಬಿಕೊಂಡ ನೀರು ಅದನ್ನೂ ಕೆಡಿಸಿರುತ್ತದೆ.

ಹಾಗಾಗಿ ಅಳೆಯಬೇಕು. ಉಸಿರಿನ ಅನಿಲಗಳಿಂದ ಶಕ್ತಿಯ ಖರ್ಚನ್ನು ಅಳೆಯುವ ಪರೋಕ್ಷ ಕ್ಯಾಲೊರಿಮಾಪನದ ತತ್ತ್ವ ಸರಳ: ದೇಹ ಇಂಧನ ಉರಿಸಲು ಆಮ್ಲಜನಕ ಬಳಸುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ರೋಗಿಯೊಬ್ಬ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬಳಸಿ 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಟ್ಟನೆನ್ನಿ. 1949ರಲ್ಲಿ ಬಂದ ವೀರ್ ಸಮೀಕರಣಕ್ಕೆ ಇವನ್ನು ಹಾಕಿದರೆ ದಿನಕ್ಕೆ ಸುಮಾರು 1740 ಕಿಲೋಕ್ಯಾಲೊರಿ ಬರುತ್ತದೆ. ಎರಡು ಅನಿಲಗಳ ಅನುಪಾತ 0.8. ಬರೀ ಕೊಬ್ಬು ಉರಿದರೆ ಇದು 0.7ರ ಹತ್ತಿರ, ಬರೀ ಶರ್ಕರವಾದರೆ 1. ಅಂಕಿ ಈ ವ್ಯಾಪ್ತಿಯಿಂದ ತೀರಾ ಹೊರಗೆ ಬಂದರೆ ನಾನು ಮೊದಲು ಅನುಮಾನಿಸುವುದು ಅಳತೆಯನ್ನೇ.

ಏಕೆಂದರೆ ಅಳತೆ ಸುಲಭವಾಗಿ ತಪ್ಪುತ್ತದೆ. ಉಸಿರಾಟದ ಕೊಳವೆಯ ಸುತ್ತ ಅಥವಾ ಎದೆಗೆ ಹಾಕಿದ ನಳಿಕೆಯಲ್ಲಿ ಗಾಳಿ ಸೋರುತ್ತಿದ್ದರೆ, ಕೊಡುತ್ತಿರುವ ಆಮ್ಲಜನಕದ ಪ್ರಮಾಣ ಶೇಕಡಾ 60ನ್ನು ಮೀರಿದ್ದರೆ ಫಲಿತಾಂಶವನ್ನು ನೆಚ್ಚಲಾಗದು. ವೆಂಟಿಲೇಟರಿನ ಸೆಟ್ಟಿಂಗ್ ಬದಲಾಯಿಸಿದ ಕೂಡಲೇ ಅಳೆಯಬಾರದು. ಉಸಿರಾಟ ಒಂದು ಸ್ಥಿತಿಗೆ ನಿಲ್ಲುವವರೆಗೆ ಕಾಯಬೇಕು.

ಈಗ ನಾನು ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಯಂತ್ರ ತೋರಿಸುವುದು ದೇಹದ ಖರ್ಚನ್ನು. ಅಷ್ಟನ್ನೂ ಮೊದಲ ದಿನವೇ ತುಂಬಿಕೊಡಬೇಕೆಂದು ಅದು ಹೇಳುವುದಿಲ್ಲ. ಕಾಯಿಲೆಯ ಆರಂಭದ ದಿನಗಳಲ್ಲಿ ದೇಹ ತನ್ನ ಸ್ನಾಯು, ಕೊಬ್ಬನ್ನು ಕರಗಿಸಿ ತಾನೇ ಇಂಧನ ಹುಟ್ಟಿಸಿಕೊಳ್ಳುತ್ತದೆ. ನಾವು ಆಹಾರ ಕೊಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆ ಒಳಗಿನ ಪೂರೈಕೆಯನ್ನು ಹಾಸಿಗೆಯ ಪಕ್ಕದಲ್ಲಿ ಅಳೆಯುವ ಸಾಧನ ನಮ್ಮಲ್ಲಿಲ್ಲ. ಅದರ ಮೇಲೆ ಪೂರ್ತಿ ಆಹಾರವನ್ನೂ ಸುರಿದರೆ ರಕ್ತದ ಸಕ್ಕರೆ ಏರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. 2019ರ ಯುರೋಪಿನ ಮಾರ್ಗಸೂಚಿ ಆರಂಭದಲ್ಲಿ ಅಳೆದ ಖರ್ಚಿನ ಶೇಕಡಾ 70ನ್ನು ಮೀರಬಾರದೆಂದು, ಮೂರು ದಿನಗಳ ಬಳಿಕ 80ರಿಂದ 100ಕ್ಕೆ ಏರಿಸಬಹುದೆಂದು ಹೇಳಿದ್ದು ಇದೇ ಕಾರಣಕ್ಕೆ.

ಕೊಬ್ಬಿನ ದ್ರಾವಣದಲ್ಲಿ ಬರುವ ನಿದ್ರಾಜನಕವಾದ ಪ್ರೊಪೊಫಾಲ್ ಹನಿಯನ್ನೂ ಲೆಕ್ಕಕ್ಕೆ ಸೇರಿಸಿ. ಅದರ ಪ್ರತಿ ಮಿಲಿಲೀಟರಿನ ಕೊಬ್ಬಿನಿಂದ 1.1 ಕಿಲೋಕ್ಯಾಲೊರಿ ಸಿಗುತ್ತದೆ.

ನಿದ್ರಾಜನಕ ನಿಲ್ಲಿಸಿದಾಗ, ಜ್ವರ ಬಂದಾಗ, ರೋಗಿ ಎದ್ದು ಕೂರಲು ಆರಂಭಿಸಿದಾಗ ಮತ್ತೆ ಅಳೆಯಿರಿ. ಮೂರನೆಯ ದಿನ ಬರೆದಿಟ್ಟ ಅಂಕಿ ಹತ್ತನೆಯ ದಿನದ ಚೀಟಿಯಲ್ಲೂ ಹಾಗೆಯೇ ಉಳಿದಿದ್ದರೆ, ಆ ರೋಗಿಯನ್ನು ನಡುವೆ ಯಾರೂ ಅಳೆದಿಲ್ಲವೆಂದೇ ಅರ್ಥ.